ಗಾಜು ಕೂರಿಸಿದ ಮೇಲೆ ಎಂಜಿನಿಯರ್ ಕರೆದರೆ ಏನು ಬಂತು? ಕರೆಂಟ್ ಬಿಲ್ ನಕ್ಷೆಯಲ್ಲೇ ಬರೆದಾಗಿರುತ್ತೆ

ತಿಪಟೂರು: ಕೊಬ್ಬರಿ ಹರಾಜಿನ ದಿನ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರು ತಡೆದು ನಿಲ್ಲಿಸಿ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು ಮಗನ ವಿಷಯ. “ಸಿಇಟಿಯಲ್ಲಿ ಅವನಿಗೆ ಕಂಪ್ಯೂಟರ್ ಸೈನ್ಸ್ ಸಿಗೋ ಹಾಗೆ ಕಾಣಲ್ಲ, ಎಲೆಕ್ಟ್ರಿಕಲ್ ಸಿಗಬಹುದು ಅಂತಾರೆ. ಅದನ್ನ ಓದಿ ಏನ್ ಮಾಡ್ತಾನೆ ಸಾರ್? ಬೆಸ್ಕಾಂಗೆ ಅರ್ಜಿ ಹಾಕ್ಕೊಂಡು ಕಾಯ್ತಾ ಕೂರಬೇಕಾ?” ಎರಡನೆಯದು ಅವರು ಕಟ್ಟಿಸುತ್ತಿರುವ ಕಾಂಪ್ಲೆಕ್ಸ್ ವಿಷಯ. “ಮುಂಭಾಗ ಪೂರ್ತಿ ಗ್ಲಾಸ್ ಹಾಕಿಸ್ತಿದೀನಿ. ಬಿಲ್ ಜಾಸ್ತಿ ಬರುತ್ತೆ ಅಂತ ಬಾಡಿಗೆಗೆ ಬರೋರು ಈಗಲೇ ರಾಗ ಎಳೀತಿದಾರೆ. ಮೇಲೆ ಸೋಲಾರ್ ಹಾಕಿಸಿಬಿಟ್ರೆ ಸರಿಹೋಗುತ್ತಲ್ಲ?”

ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಅಂತ ಅವತ್ತು ಅವರಿಗೆ ಹೇಳಿದೆ, ಆದರೆ ರಸ್ತೆ ಬದಿ ನಿಂತು ಪೂರ್ತಿ ವಿವರಿಸೋಕೆ ಆಗಲಿಲ್ಲ. ಹಾಗಾಗಿ ಈ ಲೇಖನ.

ನಮ್ಮಲ್ಲಿ ಕಟ್ಟಡ ಹೇಗೆ ಏಳುತ್ತೆ ಅಂತ ಎಲ್ಲರಿಗೂ ಗೊತ್ತು. ಮೊದಲು ಸಿವಿಲ್ ಎಂಜಿನಿಯರ್ ನಕ್ಷೆ ಹಾಕ್ತಾರೆ, ಆಮೇಲೆ ಮೇಸ್ತ್ರಿ ಬರ್ತಾರೆ, ಮೋಲ್ಡ್ ಆಗುತ್ತೆ. ಗೋಡೆಗೆ ಪೈಪ್ ಇಳಿಸೋ ಹೊತ್ತಿಗೆ ವೈರಿಂಗಿನವರು ಬರ್ತಾರೆ. ಅಷ್ಟರಲ್ಲಿ ಕಿಟಕಿ ಎಲ್ಲಿ, ಗಾಜು ಎಷ್ಟು, ಸೂರಿನ ಎತ್ತರ ಎಷ್ಟು, ಏಸಿ ಬೇಕೋ ಬೇಡವೋ ಅನ್ನೋದೆಲ್ಲ ತೀರ್ಮಾನವಾಗಿರುತ್ತೆ. ಉಳಿದಿರೋದು ಸ್ವಿಚ್ ಬೋರ್ಡ್ ಯಾವ ಗೋಡೆಗೆ ಅನ್ನೋದೊಂದೇ. ಆದರೆ ಮುಂದಿನ ಮೂವತ್ತು ನಲವತ್ತು ವರ್ಷ ತಿಂಗಳು ತಿಂಗಳು ಬರೋ ಬಿಲ್ಲಿನ ಬಹುಪಾಲು ಮೊದಲು ಹಾಕಿದ ಆ ನಕ್ಷೆಯಲ್ಲೇ ನಿಗದಿಯಾಗಿಬಿಟ್ಟಿರುತ್ತೆ. ಈ ಸಾಲನ್ನು ತಿರುಗಿಸಿ, ನಕ್ಷೆ ಹಾಕುವಾಗಲೇ ಪಕ್ಕದಲ್ಲಿ ಕೂರೋ ಎಲೆಕ್ಟ್ರಿಕಲ್ ಎಂಜಿನಿಯರ್‌ಗಳು ಇದ್ದಾರೆ. ಅದೇ ಒಂದು ವೃತ್ತಿ.

ಕಿಟಕಿಯೇ ಇಲ್ಲದ ಹಳೇ ಬ್ಯಾಂಕ್

ಈ ಕೆಲಸಕ್ಕೆ ಉದಾಹರಣೆಯಾಗಿ ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಡೇವಿಡ್ ಕನೇಡ ಅನ್ನುವವರದು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಎಲೆಕ್ಟ್ರಿಕಲ್ ಡಿಸೈನ್ ಕನ್ಸಲ್ಟೆನ್ಸಿ ನಡೆಸುತ್ತಿದ್ದವರು, ಜೊತೆಗೆ ವಾಸ್ತುಶಿಲ್ಪವನ್ನೂ ಕಲಿತವರು. ಬೇರೆಯವರ ಕಟ್ಟಡಕ್ಕೆ “ಕರೆಂಟ್ ಉಳಿಸಿ” ಅಂತ ಸಲಹೆ ಕೊಡೋ ತಾವು ಎಂಥ ಕಟ್ಟಡದಲ್ಲಿ ಕೂತಿದ್ದೇವೆ ಅನ್ನೋ ಪ್ರಶ್ನೆ ಬಂದಾಗ, ಅವರು ತಮ್ಮ ಕಚೇರಿಗೆಂದು ಹೊಸ ಜಾಗ ಹುಡುಕಲಿಲ್ಲ. 1960ರ ದಶಕದ ಒಂದು ಹಳೇ ಬ್ಯಾಂಕ್ ಶಾಖೆಯ ಕಟ್ಟಡ ತಗೊಂಡರು. ಸುಮಾರು ಏಳು ಸಾವಿರ ಚದರ ಅಡಿ, ಕಾಂಕ್ರೀಟ್ ಗೋಡೆ, ಹೆಚ್ಚುಕಡಿಮೆ ಕಿಟಕಿಯೇ ಇಲ್ಲದ ಡಬ್ಬಿ. ನಮ್ಮ ಹಳೇ ಗೋಡೌನ್‌ಗಳನ್ನು ನೆನೆಸಿಕೊಳ್ಳಿ.

2007ರಲ್ಲಿ ಅದು ಕಚೇರಿಯಾಗಿ ಶುರುವಾಯ್ತು. ಗುರಿ ಏನಪ್ಪಾ ಅಂದರೆ, ವರ್ಷಕ್ಕೆ ಆ ಕಟ್ಟಡ ಎಷ್ಟು ಕರೆಂಟ್ ಬಳಸುತ್ತೋ ಅಷ್ಟನ್ನೂ ತನ್ನ ಛಾವಣಿಯ ಮೇಲೇ ತಯಾರಿಸಬೇಕು. ಗ್ಯಾಸ್ ಸಂಪರ್ಕವೂ ಬೇಡ. ಝೀರೋ ಎನರ್ಜಿ, ಝೀರೋ ಕಾರ್ಬನ್ ಎಂಬ ಎರಡು ಝೀರೋ ಸೇರಿಸಿ ಅದಕ್ಕೆ ‘ಝೀ ಸ್ಕ್ವೇರ್ಡ್’ ಅಂತ ಹೆಸರಿಟ್ಟರು.

ಇಲ್ಲಿ ಗಮನಿಸಬೇಕಾದ್ದು ಕೆಲಸ ಮಾಡಿದ ಕ್ರಮ. ಮೊದಲು ಛಾವಣಿ ಕೊರೆದು ಬೆಳಕಿನ ಕಿಂಡಿ ತೆರೆದರು, ಗೋಡೆಯಲ್ಲಿ ಒಳ್ಳೆಯ ಕಿಟಕಿ ಕೂರಿಸಿದರು. ಹಗಲು ದೀಪ ಹಾಕೋ ಪ್ರಮೇಯ ಕಡಿಮೆಯಾಯ್ತು. ಬೆಳಗಿನ ಬಿಸಿಲು ಹೊಡೆಯುವ ಪೂರ್ವದ ಕಿಟಕಿಗಳಿಗೆ ಕರೆಂಟ್ ಕೊಟ್ಟರೆ ತಾನೇ ಕಪ್ಪಾಗುವ ಗಾಜು ಹಾಕಿದರು. ದೀಪದ ಬಿಸಿ, ಬಿಸಿಲಿನ ಬಿಸಿ ಎರಡೂ ತಗ್ಗಿದ್ದರಿಂದ ಕಟ್ಟಡ ತಂಪಿಡೋ ಯಂತ್ರ ಚಿಕ್ಕದಾಯ್ತು. ಆ ಯಂತ್ರವೂ ಗಾಳಿ ಊದುವಂಥದ್ದಲ್ಲ. ನೆಲದೊಳಗೆ ಹಾಯಿಸಿದ ಪೈಪುಗಳಲ್ಲಿ ನೀರು ಹರಿಸಿ ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ ಮಾಡುವಂಥದ್ದು. ಇಷ್ಟೆಲ್ಲ ಆದಮೇಲೆ, ಕಟ್ಟಕಡೆಗೆ ಸೋಲಾರ್. ಸುಮಾರು 30 ಕಿಲೋವ್ಯಾಟ್ ಸಾಕಾಯ್ತು. ಕ್ರಮ ಉಲ್ಟಾ ಮಾಡಿ ಸೋಲಾರ್‌ನಿಂದಲೇ ಶುರು ಮಾಡಿದ್ದರೆ ಆ ಛಾವಣಿಯಲ್ಲಿ ಜಾಗವೇ ಸಾಲುತ್ತಿರಲಿಲ್ಲ.

ಅವರು ಮಾಡಿದ ಇನ್ನೊಂದು ಉಪಾಯ ನಮ್ಮ ಅಂಗಡಿಯವರು ನಾಳೆಯೇ ಮಾಡಬಹುದಾದ್ದು. ರಾತ್ರಿ ಕೊನೆಯವರು ಬೀಗ ಹಾಕುವಾಗ ಕಳ್ಳರ ಅಲಾರಂ ಆನ್ ಮಾಡ್ತಾರಲ್ಲ, ಆ ಅಲಾರಂ ವ್ಯವಸ್ಥೆಗೇ ಪ್ಲಗ್ ಪಾಯಿಂಟ್‌ಗಳನ್ನು ಜೋಡಿಸಿದರು. ಅಲಾರಂ ಆನ್ ಆದ ತಕ್ಷಣ ರಾತ್ರಿ ಅಗತ್ಯವಿಲ್ಲದ ಪಾಯಿಂಟ್‌ಗಳೆಲ್ಲ ಆಫ್. ಯಾರ ನೆನಪಿನ ಮೇಲೂ ಬಿಟ್ಟಿಲ್ಲ. ನಮ್ಮಲ್ಲಿ ಇದಕ್ಕೆ ಅಲಾರಂ ಬೇಕಿಲ್ಲ. ವೈರಿಂಗ್ ಮಾಡಿಸುವಾಗ ಫ್ರಿಜ್, ಸಿಸಿ ಕ್ಯಾಮೆರಾ ಇಷ್ಟಕ್ಕೆ ಬೇರೆ ಲೈನ್ ಎಳೆಸಿ, ಉಳಿದದ್ದಕ್ಕೆಲ್ಲ ಷಟರ್ ಪಕ್ಕ ಒಂದೇ ಮೇನ್ ಇಡಿಸಿದರೆ ಆಯ್ತು. ಷಟರ್ ಎಳೆಯೋ ಕೈ ಅದನ್ನೂ ಒತ್ತುತ್ತೆ. ಕಟ್ಟುವಾಗ ಮಾಡಿಸಿದರೆ ಸ್ವಲ್ಪ ಹೆಚ್ಚಿನ ವೈರಿನ ಖರ್ಚು ಅಷ್ಟೇ. ಆಮೇಲೆ ಗೋಡೆ ಒಡೆದು ಮಾಡಿಸಿದರೆ ಎಷ್ಟಾಗುತ್ತೆ ಅಂತ ನಿಮ್ಮ ವೈರಿಂಗಿನವರನ್ನೇ ಕೇಳಿ.

ಈ ಚಿಕ್ಕ ಕಚೇರಿಯ ಅನುಭವ ಕನೇಡ ಅವರನ್ನು ದೊಡ್ಡ ಕೆಲಸಗಳಿಗೆ ಕರೆದೊಯ್ದಿತು. ಲಾಸ್ ಆಲ್ಟೋಸ್‌ನಲ್ಲಿ 2012ರಲ್ಲಿ ತೆರೆದ ಪ್ಯಾಕರ್ಡ್ ಫೌಂಡೇಷನ್‌ನ ಸುಮಾರು 49 ಸಾವಿರ ಚದರ ಅಡಿ ಕಚೇರಿಯ ವಿದ್ಯುತ್ ವಿನ್ಯಾಸದಲ್ಲೂ ಅವರ ಸಂಸ್ಥೆ ಇತ್ತು. ಅದೂ ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುವ ಕಟ್ಟಡ.

ಅಲ್ಲಿಂದ ನಮ್ಮ ಇನ್ಫೋಸಿಸ್‌ಗೆ

“ಅಮೆರಿಕದ ಕಥೆ ನಮಗ್ಯಾಕೆ” ಅನ್ನೋರು ಇರ್ತಾರೆ. ಆ ಹಳೇ ಬ್ಯಾಂಕಿಗೆ ತಂಪಿನ ವ್ಯವಸ್ಥೆ ವಿನ್ಯಾಸ ಮಾಡಿದ್ದು ಪೀಟರ್ ರಮ್ಸಿ ಎಂಬ ಎಂಜಿನಿಯರ್ ಸಂಸ್ಥೆ. ಅದೇ ರಮ್ಸಿ ಆಮೇಲೆ ನಮ್ಮ ಬೆಂಗಳೂರಿನ ಇನ್ಫೋಸಿಸ್ ಜೊತೆ ಕೆಲಸ ಮಾಡಿದರು. ಹೈದರಾಬಾದ್ ಹತ್ತಿರದ ಪೋಚಾರಂ ಕ್ಯಾಂಪಸ್‌ನಲ್ಲಿ ಇನ್ಫೋಸಿಸ್ ಸುಮಾರು ಎರಡೂವರೆ ಲಕ್ಷ ಚದರ ಅಡಿಯ ಒಂದು ಕಟ್ಟಡವನ್ನು ಅಕ್ಷರಶಃ ಎರಡು ಹೋಳು ಮಾಡಿ ಪಂದ್ಯ ಕಟ್ಟಿತು. ಎರಡೂ ಅರ್ಧ ಒಂದೇ ಅಳತೆ, ಅದೇ ಗೋಡೆ, ಅದೇ ಕಿಟಕಿ. ಒಂದರ್ಧಕ್ಕೆ ಗಾಳಿ ಊದುವ ಮಾಮೂಲಿ ಸೆಂಟ್ರಲ್ ಏಸಿ, ಅದೂ ಸಿಕ್ಕಿದ್ದರಲ್ಲಿ ಒಳ್ಳೆಯದು. ಇನ್ನರ್ಧಕ್ಕೆ ಕಾಂಕ್ರೀಟ್ ಚಪ್ಪಡಿಯೊಳಗೆ ಪೈಪ್ ಹಾಯಿಸಿ ತಣ್ಣೀರು ಹರಿಸೋ ವ್ಯವಸ್ಥೆ. ಬಿಸಿಯನ್ನು ಹೊತ್ತೊಯ್ಯೋದರಲ್ಲಿ ಗಾಳಿಗಿಂತ ನೀರು ಎಷ್ಟೋ ಪಾಲು ಸಮರ್ಥ, ಹಾಗಾಗಿ ದೊಡ್ಡ ಫ್ಯಾನ್ ಓಡಿಸೋ ಬದಲು ಚಿಕ್ಕ ಪಂಪ್ ಸಾಕು.

ಮೊದಲ ಎರಡು ವರ್ಷದ ಲೆಕ್ಕ 2014ರಲ್ಲಿ ಪ್ರಕಟವಾಯ್ತು. ಬರೆದವರು ಇನ್ಫೋಸಿಸ್‌ನ ಗುರುಪ್ರಕಾಶ್ ಶಾಸ್ತ್ರಿ ಮತ್ತು ಇದೇ ರಮ್ಸಿ. ನೀರಿನ ಕಡೆಯ ಅರ್ಧ, ತಂಪಿಗೆ ಶೇ 34ರಷ್ಟು ಕಡಿಮೆ ಕರೆಂಟ್ ಬಳಸಿತ್ತು. ಕಟ್ಟೋ ಖರ್ಚೂ ಹೆಚ್ಚಾಗಿರಲಿಲ್ಲ, ಸ್ವಲ್ಪ ಕಡಿಮೆಯೇ ಇತ್ತು.

ಇದನ್ನು ಓದಿ ಯಾರೂ ಅಂಗಡಿ ನೆಲಕ್ಕೆ ಪೈಪ್ ಹಾಕಿಸೋಕೆ ಹೋಗಬೇಡಿ. ಬಾಗಿಲು ಸದಾ ತೆರೆದಿರೋ ಕಡೆ, ಮಳೆಗಾಲದ ತೇವದ ಗಾಳಿ ಒಳಗೆ ನುಗ್ಗಿ ತಣ್ಣನೆ ನೆಲ ಬೆವರುತ್ತೆ, ಗಿರಾಕಿ ಜಾರಿ ಬೀಳ್ತಾರೆ. ಆ ವ್ಯವಸ್ಥೆ ಮುಚ್ಚಿದ ದೊಡ್ಡ ಕಚೇರಿಗೆ ಸರಿ. ಈ ಎಂಜಿನಿಯರ್‌ಗಳು ಊಹೆ ಮಾಡೋದಿಲ್ಲ, ಅಳೆದು ನೋಡ್ತಾರೆ ಅನ್ನೋದನ್ನು ತೋರಿಸೋಕೆ ಇದನ್ನು ಹೇಳಿದೆ.

ನಮ್ಮ ಅಂಗಡಿಗಳಿಗೆ ಹತ್ತಿರದ ಪಾಠ ಬೇಕಿದ್ದರೆ ಬೆಂಗಳೂರಿನ ದೊಮ್ಮಲೂರಿನಲ್ಲಿದೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸದ ಟೇರಿ ಸಂಸ್ಥೆಯ ಕಚೇರಿ. ಅದರ ದಕ್ಷಿಣಕ್ಕೆ ನಾರುವ ಚರಂಡಿ. ಅಂಗಡಿ ಹಿಂದೆ ಚರಂಡಿ ಇರೋ ನಮ್ಮವರಿಗೆ ಇದೇನೂ ಹೊಸದಲ್ಲ. ಅವರು ಆ ಕಡೆಗೆ ಗೋಡೆ ಮುಚ್ಚಿ, ಗೋಡೆಯ ಹೊರಮೈಗೆ ಕಪ್ಪು ಕಲ್ಲು ಹಾಕಿ ನಡುವೆ ಸಂದು ಬಿಟ್ಟರು. ಬಿಸಿಲಿಗೆ ಕಲ್ಲು ಕಾದು ಸಂದಿನ ಗಾಳಿ ಮೇಲಕ್ಕೇರುತ್ತೆ, ಅದರ ಸೆಳೆತಕ್ಕೆ ಉತ್ತರದ ಕಡೆಯಿಂದ ಒಳ್ಳೆ ಗಾಳಿ ಒಳಗೆ ಬರುತ್ತೆ. ಬಿಸಿಲೇ ಫ್ಯಾನ್ ಕೆಲಸ ಮಾಡಿದ ಹಾಗೆ.

ನಿಮ್ಮ ಅಂಗಡಿಯ ಲೆಕ್ಕ

ಈಗ ಊರಿನ ವಿಷಯಕ್ಕೆ ಬರೋಣ. ಗೃಹಜ್ಯೋತಿ ಮನೆಗಳಿಗೆ, ಅಂಗಡಿಗಿಲ್ಲ. ಪಿಎಂ ಸೂರ್ಯಘರ್ ಸಬ್ಸಿಡಿಯೂ ಮನೆಗಳಿಗೇ. ಅಂಗಡಿಯವರು ವಾಣಿಜ್ಯ ದರದಲ್ಲಿ ಪ್ರತಿ ಯೂನಿಟ್‌ಗೂ ಪೂರ್ತಿ ಕಟ್ಟಬೇಕು. ಹಾಗಾಗಿ ಈ ಲೆಕ್ಕ ಯಾರಿಗಾದರೂ ಬೇಕಿದ್ದರೆ ಅಂಗಡಿಯವರಿಗೇ ಬೇಕು.

600 ಚದರ ಅಡಿಯ ಬಟ್ಟೆ ಷೋರೂಂ ಒಂದಿದೆ ಅಂದುಕೊಳ್ಳಿ. ಸೂರಿನ ತುಂಬ 15 ವ್ಯಾಟಿನ 60 ಎಲ್‌ಇಡಿ ದೀಪ. “ಎಲ್‌ಇಡಿ ಅಲ್ವಾ, ಕರೆಂಟೇ ಎಳೆಯಲ್ಲ” ಅಂತ ಹಾಕಿಸಿರ್ತಾರೆ. ಆದರೆ ಒಟ್ಟು 900 ವ್ಯಾಟ್ ಆಯ್ತು. ಎಂಜಿನಿಯರ್ ಇಲ್ಲಿ ಏನು ಮಾಡ್ತಾರೆ? ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಬೆಳಕು, ಅಂದರೆ 90 ಸಾವಿರ ಲ್ಯೂಮೆನ್. ಅದರಲ್ಲಿ ಗೋಡೆ, ಸೂರು ನುಂಗಿ ಉಳಿದು ಕೆಲಸಕ್ಕೆ ಬರೋದು ನೂರಕ್ಕೆ ಅರವತ್ತು ಅಂತಿಟ್ಟುಕೊಳ್ಳೋಣ. ಅದನ್ನು ಅಂಗಡಿಯ ಸುಮಾರು 56 ಚದರ ಮೀಟರ್‌ಗೆ ಹಂಚಿದರೆ 960 ಲಕ್ಸ್ ಬರುತ್ತೆ. ಅಂಗಡಿಗೆ 300ರಿಂದ 500 ಲಕ್ಸ್ ಧಾರಾಳ. ಅರ್ಧಕ್ಕರ್ಧ ದೀಪ ದಂಡಕ್ಕೆ ಉರೀತಿದೆ!

ಅರ್ಧ ದೀಪ ಕಿತ್ತರೆ 450 ವ್ಯಾಟ್ ಉಳಿತು. ದಿನಕ್ಕೆ ಹತ್ತು ಗಂಟೆ, ಮೂವತ್ತು ದಿನ, ತಿಂಗಳಿಗೆ 135 ಯೂನಿಟ್. ಇಲ್ಲಿಗೇ ನಿಲ್ಲಲ್ಲ. ದೀಪಕ್ಕೆ ಹೋದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಕೋಣೆಯಲ್ಲೇ ಉಳಿಯುತ್ತೆ, ಆ ಬಿಸಿಯನ್ನು ಏಸಿ ಹೊರಗೆ ಹಾಕಬೇಕು. ಮೂರು ವ್ಯಾಟ್ ಬಿಸಿ ಹೊರಹಾಕೋಕೆ ಏಸಿಗೆ ಸುಮಾರು ಒಂದು ವ್ಯಾಟ್ ಬೇಕು. ಏಸಿ ಪೂರ್ತಿ ಹೊತ್ತು ಓಡೋ ಅಂಗಡಿಯಲ್ಲಿ ಅದು ಇನ್ನೂ 45 ಯೂನಿಟ್. ಜೊತೆಗೆ 75 ವ್ಯಾಟಿನ ಆರು ಹಳೇ ಫ್ಯಾನ್ ತೆಗೆದು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 81 ಯೂನಿಟ್. ಒಟ್ಟು 260 ಯೂನಿಟ್ ದಾಟಿತು. ನಿಮ್ಮ ಬಿಲ್ಲಿನಲ್ಲಿರೋ ಯೂನಿಟ್ ದರದಿಂದ ಗುಣಿಸಿ ನೋಡಿಕೊಳ್ಳಿ, ನಾನು ಹೇಳೋದಿಲ್ಲ. ದರ ಪರಿಷ್ಕರಣೆ ಆದಾಗಲೆಲ್ಲ ಈ ಲೇಖನ ತಿದ್ದೋಕಾಗಲ್ಲ!

ಇನ್ನು ಫಿಕ್ಸೆಡ್ ಚಾರ್ಜ್. ಅದು ನೀವು ಬಳಸಿದ್ದಕ್ಕಲ್ಲ, ಮಂಜೂರಾದ ಲೋಡ್‌ಗೆ, ಕಿಲೋವ್ಯಾಟ್ ಲೆಕ್ಕದಲ್ಲಿ. “ಇರಲಿ ಬಿಡಿ, ಮುಂದಕ್ಕೆ ಬೇಕಾಗುತ್ತೆ” ಅಂತ 8 ಸಾಕಿದ್ದ ಕಡೆ 12 ಕಿಲೋವ್ಯಾಟ್ ಬರೆಸಿದ್ದರೆ, ಅಂಗಡಿಗೆ ಬೀಗ ಹಾಕಿ ತಿಂಗಳುಗಟ್ಟಲೆ ಊರಿಗೆ ಹೋದರೂ ಆ ನಾಲ್ಕರದ್ದು ಕಟ್ಟಲೇಬೇಕು. ಹಾಗಂತ ನಾಳೆಯೇ ಹೋಗಿ ಕಡಿಮೆ ಮಾಡಿಸಬೇಡಿ. ಮಂಜೂರಾತಿಗಿಂತ ಹೆಚ್ಚು ಎಳೆದರೆ ದಂಡ ಬೀಳುತ್ತೆ. ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆ ಅಂತ ದಾಖಲಾಗಿರುತ್ತಲ್ಲ, ಅದನ್ನು ಬೇಸಿಗೆ, ಹಬ್ಬದ ಸೀಸನ್ ಎಲ್ಲ ಸೇರಿ ಹನ್ನೆರಡು ತಿಂಗಳು ನೋಡಿ ಆಮೇಲೆ ತೀರ್ಮಾನಿಸಿ.

ಗಾಜಿನ ವಿಷಯ. ನಮ್ಮ ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರ್ತಾನೆ. ದಕ್ಷಿಣದ ಕಿಟಕಿಗೆ ಒಂದು ಸಜ್ಜಾ ಹಾಕಿದರೆ ನೆರಳು ಸಿಗುತ್ತೆ. ಪಶ್ಚಿಮದ ಕಥೆ ಬೇರೆ. ಮೂರು ಗಂಟೆ ಮೇಲೆ ಬಿಸಿಲು ಅಡ್ಡಡ್ಡ ಬರುತ್ತೆ, ಸಜ್ಜಾ ಎಷ್ಟು ಉದ್ದ ಮಾಡಿದರೂ ತಡೆಯಲ್ಲ. ಪಶ್ಚಿಮಕ್ಕೆ ಪೂರ್ತಿ ಗಾಜು ಹಾಕಿದ ಅಂಗಡಿಗಳ ಮುಂದೆ ಮಧ್ಯಾಹ್ನ ಒಮ್ಮೆ ನಡೆದುಹೋಗಿ: ಗಾಜಿಗೆ ಪರದೆ ಎಳೆದಿರ್ತಾರೆ, ಕತ್ತಲಾಯ್ತು ಅಂತ ಲೈಟ್ ಹಾಕಿರ್ತಾರೆ, ಸೆಕೆಗೆ ಏಸಿ ಹಾಕಿರ್ತಾರೆ. ಡಿಸ್‌ಪ್ಲೇಗೆ ಇಟ್ಟ ಸೀರೆ ಬಣ್ಣ ಹೋಗೋದು ಬೇರೆ. ಗಾಜಿಗೆ ಕೊಟ್ಟ ದುಡ್ಡಿಗೆ ಇದೇ ಪ್ರತಿಫಲ.

ಇಷ್ಟಾದ ಮೇಲೆ ಸೋಲಾರ್. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತೆ. ಮೇಲಿನ 260 ಯೂನಿಟ್ ಉಳಿಸೋದೂ ಒಂದೇ, ಎರಡು ಕಿಲೋವ್ಯಾಟ್‌ಗಿಂತ ದೊಡ್ಡ ಪ್ಯಾನೆಲ್ ಹಾಕಿಸೋದೂ ಒಂದೇ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇಟ್ಟುಕೊಂಡ ಜಿಲ್ಲೆ ನಮ್ಮದು, ಸೋಲಾರ್ ಬೇಡ ಅಂತ ನಾನಂತೂ ಹೇಳಲ್ಲ. ಛಾವಣಿ ಮೇಲೆ ದೊಡ್ಡ ಹೋರ್ಡಿಂಗ್ ಬಾಡಿಗೆಗೆ ಕೊಟ್ಟು ಅದರ ನೆರಳಿನಲ್ಲಿ ಪ್ಯಾನೆಲ್ ಕೂರಿಸೋದು ಬೇಡ ಅಂತೀನಿ ಅಷ್ಟೇ.

ಓದೋ ಹುಡುಗರಿಗೆ

ಇಇಇ ಅಂದರೆ ಕೆಪಿಟಿಸಿಎಲ್, ಬೆಸ್ಕಾಂ ಮಾತ್ರ ಅನ್ನೋದು ಹಳೇ ಲೆಕ್ಕ. ಸರ್ಕಾರಿ ಕೆಲಸಕ್ಕೆ ಪ್ರಯತ್ನ ಪಡೋದು ತಪ್ಪಲ್ಲ, ಆದರೆ ಕಟ್ಟಡಗಳ ವಿದ್ಯುತ್ ವಿನ್ಯಾಸ ಮಾಡೋ ಕನ್ಸಲ್ಟೆನ್ಸಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಮೊದಲ ಎರಡು ಮೂರು ವರ್ಷ ಬಣ್ಣದ ಕೆಲಸ ಏನೂ ಇರಲ್ಲ. ಲೋಡ್ ಪಟ್ಟಿ ಮಾಡೋದು, ಕೇಬಲ್ ದಪ್ಪ ಲೆಕ್ಕ ಹಾಕೋದು, ಸೈಟಿಗೆ ಹೋಗಿ ಕ್ಲಾಂಪ್ ಮೀಟರ್ ಹಿಡಿದು ಅಳೆಯೋದು, ಡಯಲಕ್ಸ್‌ನಂಥ ಸಾಫ್ಟ್‌ವೇರಿನಲ್ಲಿ ಬೆಳಕಿನ ಲೆಕ್ಕ. ಆಮೇಲೆ ಎನರ್ಜಿಪ್ಲಸ್‌ನಂಥದ್ದರಲ್ಲಿ ಕಟ್ಟಡವನ್ನು ಕಟ್ಟೋ ಮೊದಲೇ ಕಂಪ್ಯೂಟರಿನಲ್ಲಿ ಒಂದು ವರ್ಷ ಓಡಿಸಿ ನೋಡೋದು. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ ಅಂತ ಅಳೋ ಹುಡುಗರಿಗೆ ಕೋಡಿಂಗ್ ಇಲ್ಲೂ ಉಪಯೋಗಕ್ಕೆ ಬರುತ್ತೆ.

ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ ಅಂತ ಕೇಂದ್ರದ ಸಂಸ್ಥೆ ಇದೆ, 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಬಂದದ್ದು. ಫ್ರಿಜ್, ಫ್ಯಾನ್ ಮೇಲೆ ಸ್ಟಾರ್ ಅಂಟಿಸಿರೋದು ಅವರದ್ದೇ ವ್ಯವಸ್ಥೆ. ಅವರು ರಾಷ್ಟ್ರಮಟ್ಟದ ಪರೀಕ್ಷೆ ನಡೆಸ್ತಾರೆ: ಎನರ್ಜಿ ಮ್ಯಾನೇಜರ್‌ಗೆ ಮೂರು ಪತ್ರಿಕೆ, ಎನರ್ಜಿ ಆಡಿಟರ್‌ಗೆ ನಾಲ್ಕು. ಬಿಇ ಆದಮೇಲೆ ಸಂಬಂಧಪಟ್ಟ ಕ್ಷೇತ್ರದಲ್ಲಿ ಮೂರು ವರ್ಷದ ಅನುಭವ ಇದ್ದರೆ ಬರೆಯಬಹುದು.

ಈ ವೃತ್ತಿಯ ಕಷ್ಟವನ್ನೂ ಹೇಳಬೇಕು. ಕಟ್ಟಡಗಳ ಇಂಧನ ಸಂಹಿತೆ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯಾಯ್ತು. ಅದು ಮುಟ್ಟೋದು 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಲೋಡ್ ಇರೋ ವಾಣಿಜ್ಯ ಕಟ್ಟಡಗಳನ್ನು. ತಾಲ್ಲೂಕು ಕೇಂದ್ರದ ಎಷ್ಟು ಕಾಂಪ್ಲೆಕ್ಸ್ ಅಷ್ಟು ದೊಡ್ಡದು? ಕಾನೂನು ಕೇಳದೇ ಇದ್ದಾಗ ಮಾಲೀಕರೂ ಕೇಳಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಟ್ಟಿಸೋರು ಒಬ್ಬರು, ಬಿಲ್ ಕಟ್ಟೋರು ಇನ್ನೊಬ್ಬರು. ಮಾಲೀಕರಿಗೆ ಕಡಿಮೆ ಖರ್ಚಿನಲ್ಲಿ ಮುಗೀಬೇಕು, ಬಾಡಿಗೆದಾರರಿಗೆ ಗೋಡೆ ಮುಟ್ಟೋ ಹಕ್ಕಿಲ್ಲ. ಬಾಡಿಗೆಗೆ ಬರುವವರು ಮುಂಗಡ ಕೊಡೋ ಮೊದಲು ಹಳೇ ಬಾಡಿಗೆದಾರರ ಏಪ್ರಿಲ್ ತಿಂಗಳ ಬಿಲ್ ತೋರಿಸಿ ಅಂತ ಕೇಳೋಕೆ ಶುರು ಮಾಡಿದರೆ, ನನ್ನ ಪ್ರಕಾರ, ಯಾವ ಸಂಹಿತೆಯೂ ಮಾಡದ ಕೆಲಸ ಅದು ಮಾಡುತ್ತೆ.

ನಮ್ಮದೂ ಮಹಡಿ ಮೇಲಿನ ಬಾಡಿಗೆ ಕಚೇರಿಯೇ. ಇದನ್ನು ಬರೆಯೋ ಮೊದಲು ಒಂದು ರಾತ್ರಿ ಬೀಗ ಹಾಕುವಾಗ ಮೀಟರ್ ಫೋಟೋ ತಗೊಂಡೆ, ಬೆಳಗ್ಗೆ ಬಾಗಿಲು ತೆಗೆಯೋ ಮೊದಲು ಇನ್ನೊಂದು. ಯಾರೂ ಇಲ್ಲದ ಕಚೇರಿ ರಾತ್ರಿಯಲ್ಲಿ ಎರಡು ಯೂನಿಟ್ ತಿಂದಿತ್ತು. ಹುಡುಕಿದರೆ, ಬಿಸಿನೀರು ತಣ್ಣೀರು ಕೊಡೋ ಡಿಸ್ಪೆನ್ಸರ್ ರಾತ್ರಿಯೆಲ್ಲ ನೀರು ಕಾಯಿಸ್ತಾ, ತಣಿಸ್ತಾ ಕೂತಿತ್ತು. ನಿಮ್ಮ ಅಂಗಡಿಯಲ್ಲೂ ಒಮ್ಮೆ ಮಾಡಿ ನೋಡಿ, ಖರ್ಚೇನಿಲ್ಲ.

ಹಾರ್ಡ್‌ವೇರ್ ಅಂಗಡಿಯ ಯಜಮಾನರಿಗೆ ಮೊನ್ನೆ ಫೋನ್ ಮಾಡಿದ್ದೆ. ಕಾಂಪ್ಲೆಕ್ಸ್‌ನ ಮುಖ ಪಶ್ಚಿಮಕ್ಕೇ ಅಂತೆ. ಎರಡನೇ ಮೋಲ್ಡ್ ಆಗಿದೆ, ಗಾಜಿನ ಆರ್ಡರ್ ಇನ್ನೂ ಕೊಟ್ಟಿಲ್ಲ. ಮಗ ಆಪ್ಷನ್ ಎಂಟ್ರಿ ಲಿಸ್ಟ್ ಬರೆದಿಟ್ಟಿದ್ದಾನೆ, ಎಲೆಕ್ಟ್ರಿಕಲ್ ಎಷ್ಟನೇ ಸಾಲಿನಲ್ಲಿದೆ ಅಂತ ಕೇಳಿದ್ದಕ್ಕೆ “ಅವನನ್ನೇ ಕೇಳಿ” ಅಂತ ಫೋನ್ ಅವನ ಕೈಗೆ ಕೊಟ್ಟರು. ಹುಡುಗ ಅದಕ್ಕೆ ಉತ್ತರ ಕೊಡಲಿಲ್ಲ. “ಸಾರ್, ಆ ಕ್ಲಾಂಪ್ ಮೀಟರ್ ನಮ್ಮ ಅಂಗಡೀಲೇ ಇದೆ, ಹೇಗೆ ಬಳಸೋದು?” ಅಂದ.